ಬೆಂಗಳೂರಿನ ನೀರು, ನೂರು ಡಿಗ್ರಿ ಮತ್ತು ಅಪ್ಪನ ಇನ್ಸುಲಿನ್

ಅಪ್ಪನ ಇನ್ಸುಲಿನ್ ಇಡೋ ಫ್ರಿಜ್‌ಗೆ ಅಂತ ಹೋದ ಬೇಸಿಗೆಯಲ್ಲಿ ಆನ್‌ಲೈನ್‌ನಲ್ಲಿ ಒಂದು ಪುಟ್ಟ ಡಿಜಿಟಲ್ ಥರ್ಮಾಮೀಟರ್ ತರಿಸಿದೆ. ಉದ್ದನೆಯ ವೈರು, ಅದರ ತುದಿಗೆ ಒಂದು ಸೆನ್ಸರ್. ಇನ್ಸುಲಿನ್ ಡಬ್ಬಿ ಪಕ್ಕದಲ್ಲೇ ಇಟ್ಟೆ. 5 ಡಿಗ್ರಿ ತೋರಿಸಿತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು ಅಂತ ಡಬ್ಬಿ ಮೇಲೇ ಬರೆದಿರುತ್ತೆ. 5 ಅಂದ್ರೆ ಸರಿಯಾಗಿ ಮಧ್ಯ. ಸಮಾಧಾನವಾಯ್ತು. ಎರಡು ತಿಂಗಳು ಅದರ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಹಾಗೆ ನಂಬಬಾರದಿತ್ತು. ಬಿ.ಎಸ್ಸಿ. ಮೊದಲ ವರ್ಷದಲ್ಲಿ ಇದೇ ವಿಷಯಕ್ಕೆ ಲ್ಯಾಬ್‌ನಲ್ಲಿ ಬೈಸಿಕೊಂಡವಳು ನಾನು.

ಪ್ರಯೋಗ ಸುಲಭದ್ದೇ. ಮೊದಲು ಗಾಜಿನ ಥರ್ಮಾಮೀಟರನ್ನು ಎರಡು ಕಡೆ ಪರೀಕ್ಷೆ ಮಾಡಬೇಕು: ಕರಗುತ್ತಿರೋ ಐಸ್‌ನಲ್ಲಿ ಒಮ್ಮೆ, ಕುದಿಯೋ ನೀರಿನ ಹಬೆಯಲ್ಲಿ ಒಮ್ಮೆ. ಆಮೇಲೆ ಅದೇ ಥರ್ಮಾಮೀಟರಿಂದ ನ್ಯಾಫ್ತಲೀನ್ ತಣ್ಣಗಾಗೋದನ್ನು ಅಳೆಯಬೇಕು. ನನ್ನದು ಐಸ್‌ನಲ್ಲಿ 1 ತೋರಿಸಿತು, ಹಬೆಯಲ್ಲಿ 98. ನೀರು ಕುದಿಯೋದು 100ಕ್ಕೆ ಅಂತ ಐದನೇ ಕ್ಲಾಸಿಂದ ಬಾಯಿಪಾಠ ಮಾಡಿದ್ದೀವಲ್ಲ? ಹಾಗಾಗಿ ‘1 ಅಂದ್ರೆ 0, 98 ಅಂದ್ರೆ 100’ ಅಂತ ಗ್ರಾಫ್ ಎಳೆದುಬಿಟ್ಟೆ.

ನ್ಯಾಫ್ತಲೀನ್ ಗೊತ್ತಲ್ಲ, ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಡ್ತಿದ್ದ ಗುಳಿಗೆ. (ಈಗ ಸಿಗೋ ಗುಳಿಗೆಗಳಲ್ಲಿ ಎಷ್ಟೋ ಬೇರೆ ರಾಸಾಯನಿಕದವು.) ಪರೀಕ್ಷಾನಾಳದಲ್ಲಿ ಹಾಕಿ, ಕುದಿನೀರಲ್ಲಿ ಕರಗಿಸಿ, ಹೊರಗೆ ತೆಗೆದು ಅರ್ಧ ನಿಮಿಷಕ್ಕೊಮ್ಮೆ ರೀಡಿಂಗ್ ಬರೀಬೇಕು. 92, 89, 86... ಸರಸರ ಇಳಿಯುತ್ತೆ. ಆಮೇಲೆ 81. ಮತ್ತೆ 81. ಇನ್ನೂ 81. ಪಕ್ಕದಲ್ಲಿದ್ದ ಗೆಳತಿ ‘ನಿನ್ನ ಥರ್ಮಾಮೀಟರ್ ಸತ್ತೋಯ್ತು ಕಣೇ’ ಅಂದಳು. ನಾನೂ ಒಂದು ಸಲ ಬೆರಳಿಂದ ತಟ್ಟಿ ನೋಡಿದೆ!

ಸತ್ತಿರಲಿಲ್ಲ. ಹೊರಗಿನ ಗಾಳಿ ಶಾಖ ಎಳೆದುಕೊಳ್ತಾನೇ ಇರುತ್ತೆ, ಆದರೆ ನಾಳದೊಳಗೆ ದ್ರವ ಗಟ್ಟಿಯಾಗ್ತಾ ಅಷ್ಟೇ ಶಾಖ ಬಿಟ್ಟುಕೊಡ್ತಿರುತ್ತೆ. ಪೂರ್ತಿ ಗಟ್ಟಿಯಾಗೋವರೆಗೂ ಪಾದರಸ ಅಲ್ಲಾಡೋದಿಲ್ಲ. ಆಮೇಲೆ ಮತ್ತೆ ಇಳಿಯೋಕೆ ಶುರು. ಗ್ರಾಫ್‌ನಲ್ಲಿ ಆ ಚಪ್ಪಟೆ ಗೆರೆಯೇ ವಸ್ತುವಿನ ಕರಗುವ ಬಿಂದು. ತುಪ್ಪದಲ್ಲಿ ಇಷ್ಟು ಚಂದದ ಚಪ್ಪಟೆ ಗೆರೆ ಸಿಗಲ್ಲ. ಅದು ನಾನಾ ಕೊಬ್ಬುಗಳ ಮಿಶ್ರಣ, ಒಂದೊಂದು ಒಂದೊಂದು ಉಷ್ಣಾಂಶದಲ್ಲಿ ಗಟ್ಟಿಯಾಗುತ್ತೆ.

ನನ್ನ ಗ್ರಾಫ್ ಪ್ರಕಾರ 81 ಅಂದ್ರೆ ನಿಜವಾಗಿ 82.5. ಪುಸ್ತಕದಲ್ಲಿ ನ್ಯಾಫ್ತಲೀನ್‌ಗೆ ಸುಮಾರು 80 ಅಂತಿತ್ತು. ‘ಸ್ಯಾಂಪಲ್‌ನಲ್ಲಿ ಕಲ್ಮಶ ಇದೆ’ ಅಂತ ಷರಾ ಬರೆದು ರೆಕಾರ್ಡ್ ಕೊಟ್ಟೆ.

ಮೇಡಂ ಓದಿ ಎರಡೇ ಪ್ರಶ್ನೆ ಕೇಳಿದರು. ‘ಕಲ್ಮಶ ಸೇರಿದ್ರೆ ಕರಗುವ ಬಿಂದು ಇಳಿಯುತ್ತಾ, ಏರುತ್ತಾ?’ ಇಳಿಯುತ್ತೆ. ನಂದು ಏರಿತ್ತು. ‘ನಾವು ಯಾವ ಊರಲ್ಲಿದ್ದೀವಿ?’

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು ಸುಮಾರು 97ಕ್ಕೇ ಕುದಿಯುತ್ತೆ. ಮಂಗಳೂರಿನ ಕಡಲ ತೀರದಲ್ಲಾದ್ರೆ 100. ನನ್ನ ಥರ್ಮಾಮೀಟರ್ ಎರಡೂ ಕಡೆ ಒಂದೇ ಒಂದು ಡಿಗ್ರಿ ಜಾಸ್ತಿ ತೋರಿಸ್ತಿತ್ತು, ಅಷ್ಟೇ. 81ರಲ್ಲಿ 1 ಕಳೆದರೆ 80. ಉಪಕರಣ ಪ್ರಾಮಾಣಿಕವಾಗಿತ್ತು, ಅದನ್ನು ಕೆಡಿಸಿದ್ದು ನಾನು. 1742ರಲ್ಲಿ ಸ್ವೀಡನ್ನಿನ ಆ್ಯಂಡರ್ಸ್ ಸೆಲ್ಸಿಯಸ್ ಈ ಅಳತೆಪಟ್ಟಿ ಮಾಡುವಾಗಲೇ, ಒತ್ತಡ ಬದಲಾದರೆ ಕುದಿಯುವ ಬಿಂದುವೂ ಬದಲಾಗುತ್ತೆ ಅಂತ ಆತನಿಗೆ ಗೊತ್ತಿತ್ತು. (ಆತ ಕುದಿಯೋದಕ್ಕೆ 0, ಹೆಪ್ಪುಗಟ್ಟೋದಕ್ಕೆ 100 ಅಂತ ಇಟ್ಟಿದ್ದ. ಅದನ್ನು ತಲೆಕೆಳಗು ಮಾಡಿದ್ದು ಆಮೇಲೆ.)

ಈಗ ಫ್ರಿಜ್‌ಗೆ ಬರ್ತೀನಿ. ಡಾಕ್ಟರ್ ಹೇಳಿದ ಡೋಸೇ ತಗೊಳ್ತಿದ್ರೂ, ಊಟ ಬದಲಾಗದಿದ್ರೂ ಅಪ್ಪನ ಶುಗರ್ ಕೆಲವು ವಾರ ಏರುತ್ತಲೇ ಇತ್ತು. ಒಂದು ರಾತ್ರಿ ನೀರು ಕುಡಿಯೋಕೆ ಎದ್ದಾಗ ಫ್ರಿಜ್ ತೆಗೆದೆ. ಥರ್ಮಾಮೀಟರ್‌ನಲ್ಲಿ 2.8 ಇತ್ತು. ಪರವಾಗಿಲ್ಲ, 2ಕ್ಕಿಂತ ಮೇಲೇ ಇದೆ ಅಂದುಕೊಂಡೆ. ಬಾಗಿಲು ಮುಚ್ಚುವಾಗ ಮೇಡಂ ನೆನಪಾದರು. ಈ ಥರ್ಮಾಮೀಟರನ್ನು ನಾನು ಒಂದೇ ಒಂದು ಸಲವೂ ಪರೀಕ್ಷೆ ಮಾಡಿರಲಿಲ್ಲ.

ಐಸ್ ಟ್ರೇ ತೆಗೆದು, ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಕುಟ್ಟಿದೆ. ಲೋಟದ ತುಂಬ ಪುಡಿ ಐಸ್ ಹಾಕಿ, ಸಂದು ತುಂಬೋಷ್ಟು ತಣ್ಣೀರು ಸುರಿದೆ. ಈ ನೀರು ಮುಖ್ಯ. ಫ್ರೀಜರ್‌ನಿಂದ ಆಗಷ್ಟೇ ತೆಗೆದ ಒಣ ಐಸ್ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತೆ. ಕರಗುತ್ತಿರೋ ಐಸ್ ಮಾತ್ರ 0ಯಲ್ಲಿ ನಿಲ್ಲುತ್ತೆ, ನ್ಯಾಫ್ತಲೀನ್ 80ರಲ್ಲಿ ನಿಂತ ಹಾಗೆಯೇ. ಉಪ್ಪು ಸೋಕಬಾರದು, ಸೆನ್ಸರ್ ಲೋಟದ ತಳಕ್ಕೆ ತಾಗಬಾರದು. ಕಲಕುತ್ತಾ ಐದು ನಿಮಿಷ ಕಾದೆ. (ಜ್ವರದ ಥರ್ಮಾಮೀಟರ್‌ಗೆ ಈ ಪರೀಕ್ಷೆ ಬೇಡ. ಸಾಮಾನ್ಯವಾಗಿ 32 ಡಿಗ್ರಿಗಿಂತ ಕೆಳಗೆ ಅದು ‘ಲೋ’ ಅನ್ನುತ್ತೆ, ಅಷ್ಟೇ.)

3.1ಕ್ಕೆ ಬಂದು ನಿಂತಿತು. ಮತ್ತೆ ಹೊಸ ಐಸ್ ಹಾಕಿ ನೋಡಿದೆ. 3.1.

ಅಂದರೆ ಹಗಲು ನಾನು ನೋಡಿದ್ದ 5, ನಿಜಕ್ಕೂ 2ಕ್ಕಿಂತ ಚೂರು ಕಡಿಮೆ. ರಾತ್ರಿಯ 2.8, ಸೊನ್ನೆಗಿಂತ ಕೆಳಗೆ. ಡಬ್ಬಿ ಇದ್ದದ್ದು ಫ್ರಿಜ್‌ನ ಹಿಂಗೋಡೆಗೆ ಒರಗಿ, ತಂಪು ಗಾಳಿ ಬರೋ ಕಿಂಡಿಯ ಮುಂದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸಬಾರದು. ನೋಡೋಕೆ ಚೆನ್ನಾಗೇ ಕಂಡರೂ ಅದರ ಶಕ್ತಿಯನ್ನು ನಂಬೋ ಹಾಗಿಲ್ಲ. ಅಪ್ಪನ ಶುಗರ್ ಏರಿದ್ದು ಇದರಿಂದಲೇ ಅಂತ ಸಾಬೀತು ಮಾಡೋಕೆ ನನ್ನಿಂದಾಗಲ್ಲ. ಬೆಳಗ್ಗೆ ಡಾಕ್ಟರಿಗೆ ಫೋನ್ ಮಾಡಿದೆ. ಅಲ್ಲಿದ್ದ ಸ್ಟಾಕನ್ನು ಬಳಸಬೇಡಿ, ಹೊಸದು ತನ್ನಿ ಅಂದರು. ಎರಡು ತಿಂಗಳ ಔಷಧ, ಎಸೆಯುವಾಗ ಹೊಟ್ಟೆ ಉರೀತು.

ಈಗ ಡಬ್ಬಿ ನಡುವಿನ ಶೆಲ್ಫ್‌ನಲ್ಲಿ, ಮುಂದಕ್ಕಿದೆ. ಥರ್ಮಾಮೀಟರ್ ಎಸೆಯಲಿಲ್ಲ. ಬಿಳಿ ಟೇಪ್ ಅಂಟಿಸಿ, ‘3 ಕಳೆಯಿರಿ’ ಅಂತ ಮಾರ್ಕರ್‌ನಲ್ಲಿ ಬರೆದಿದ್ದೀನಿ. ತಿಂಗಳಿಗೊಮ್ಮೆ ಐಸ್ ಲೋಟದಲ್ಲಿ ಅದ್ದಿ, ಆ 3 ಬದಲಾಗಿದೆಯಾ ಅಂತ ನೋಡ್ತೀನಿ.

‘ಸರಿಯಾಗಿರೋದೊಂದು ತರಬಾರದಾ?’ ಅಂತಾರೆ ಅಪ್ಪ. ಆದರೂ ದಿನಾ ಬೆಳಗ್ಗೆ ಕಾಫಿಗೆ ಹಾಲು ತೆಗೆಯೋಕೆ ಹೋದಾಗ, ಫ್ರಿಜ್ ಮುಂದೆ ನಿಂತು ಗಟ್ಟಿಯಾಗಿ ಲೆಕ್ಕ ಹಾಕೋದು ಅಡುಗೆಮನೆವರೆಗೂ ಕೇಳುತ್ತೆ: ‘ಎಂಟರಲ್ಲಿ ಮೂರು ಹೋದ್ರೆ ಐದು.’