ಹೋದವನ ಜಾಗಕ್ಕೆ ಯಾರು?

ಕಾಲೇಜಿನ ತಂಡಕ್ಕೂ ಉಳಿದ ತಂಡಗಳಿಗೂ ಒಂದು ದೊಡ್ಡ ವ್ಯತ್ಯಾಸ ಉಂಟು. ಊರಿನ ಕ್ಲಬ್ಬಿನಲ್ಲಿ ಒಬ್ಬ ಒಳ್ಳೆಯ ಆಟಗಾರನಿದ್ದರೆ, ಮೈಯಲ್ಲಿ ಕಸುವು ಇರುವವರೆಗೂ ಅವನು ಅಲ್ಲಿಯೇ ಆಡಬಹುದು. ಕಾಲೇಜಿನಲ್ಲಿ ಹಾಗಲ್ಲ. ಹುಡುಗ ಆಟವನ್ನು ಚೆನ್ನಾಗಿ ಕಲಿಯುವ ಹೊತ್ತಿಗೆ ಅವನ ಓದು ಮುಗಿದಿರುತ್ತದೆ. ನಮ್ಮ ಕಡೆಯ ಕಾಲೇಜುಗಳಿಗೂ ಈ ಅನುಭವ ಹೊಸದಲ್ಲ. ಹೋದ ವರ್ಷ ಷೀಲ್ಡು ಗೆದ್ದ ತಂಡ ಈ ವರ್ಷ ಮೊದಲನೆಯ ಸುತ್ತಿನಲ್ಲಿಯೇ ಏಕೆ ಸೋತಿತೆಂದು ಕೇಳಿ ನೋಡಿ. “ಆ ಹುಡುಗರೆಲ್ಲ ಪಾಸಾಗಿ ಹೊರಟುಹೋದರಲ್ಲ!” ಎಂಬ ಉತ್ತರ ಬರುತ್ತದೆ. ಪಾಸಾದುದು ಸಂತೋಷದ ವಿಷಯವೇ. ಆದರೆ ತಂಡದ ಪಾಲಿಗೆ ಅದೇ ಕಷ್ಟ.

ಈ ಕಷ್ಟಕ್ಕೆ ಪರಿಹಾರ ಹುಡುಕುವುದನ್ನು ಒಂದು ವಿದ್ಯೆಯನ್ನಾಗಿ, ಈಚೆಗೆ ಒಂದು ದೊಡ್ಡ ವ್ಯಾಪಾರವನ್ನಾಗಿಯೂ ಬೆಳೆಸಿದ ದೇಶ ಅಮೆರಿಕ. ಅದರಲ್ಲಿಯೂ ಬಾಸ್ಕೆಟ್‌ಬಾಲ್ ಆಟದಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಈ ಆಟ ಹುಟ್ಟಿದ್ದೇ ವಿದ್ಯಾರ್ಥಿಗಳ ನಡುವೆ. 1891ರ ಡಿಸೆಂಬರಿನಲ್ಲಿ ಮೆಸಚುಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ಶಿಕ್ಷಣ ಶಾಲೆಯಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲು ಏನಾದರೂ ಬೇಕೆಂದು, ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ ಈ ಆಟವನ್ನು ಹೂಡಿದರು. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆಯನ್ನು ತೆರೆದರು. ನಮಗೂ ಆ ಬುಟ್ಟಿಗೂ ಇರುವ ನಂಟು ಹೀಗೆ ಹಳೆಯದು.

ಇಂದು ಅಮೆರಿಕದಲ್ಲಿ ಮೊದಲನೆಯ ದರ್ಜೆಯಲ್ಲಿ ಆಡುವ ಕಾಲೇಜುಗಳು 360ಕ್ಕೂ ಹೆಚ್ಚು. 2011ರಿಂದ ಮಾರ್ಚ್ ತಿಂಗಳ ರಾಷ್ಟ್ರೀಯ ಪಂದ್ಯಾವಳಿಗೆ 68 ತಂಡಗಳನ್ನು ಆರಿಸುತ್ತ ಬಂದರು. ಆ ಪಂದ್ಯಾವಳಿ ಮುಗಿದ ಮರುದಿನವೇ ಪ್ರತಿಯೊಂದು ಕಾಲೇಜಿನ ಆಟದ ಶಿಕ್ಷಕನೂ ಒಂದು ಪ್ರಶ್ನೆಯನ್ನು ಎದುರಿಸುತ್ತಾನೆ: ಹೋಗುವವರ ಜಾಗಕ್ಕೆ ಯಾರು?

ಈ ಪ್ರಶ್ನೆಗೆ ಉತ್ತರ ಹೇಗೆ ಹುಡುಕುತ್ತಾರೆಂಬುದನ್ನು ತಿಳಿಯಲು ನೀವು ಒಂದು ಸಣ್ಣ ಲೆಕ್ಕ ಮಾಡಬೇಕು. ಗಂಡಸರ ಕಾಲೇಜು ಪಂದ್ಯ 40 ನಿಮಿಷದ್ದು. ಅಂಕಣದಲ್ಲಿ ಒಂದು ಕಡೆಗೆ ಐವರು. ಐದು ನಲವತ್ತಲಿ ಇನ್ನೂರು. ಅಂದರೆ ಪ್ರತಿ ಪಂದ್ಯದಲ್ಲಿಯೂ ಶಿಕ್ಷಕನು ತನ್ನ ಹುಡುಗರಿಗೆ ಹಂಚಬೇಕಾದದ್ದು 200 ನಿಮಿಷಗಳು. ಈ ವರ್ಷ ಮೂವರು ಬಿಟ್ಟುಹೋಗುತ್ತಾರೆನ್ನಿ. ಅವರು ಪಂದ್ಯವೊಂದಕ್ಕೆ 34, 30 ಮತ್ತು 26 ನಿಮಿಷ ಆಡುತ್ತಿದ್ದರೆ, 90 ನಿಮಿಷಗಳು ಬರಿದಾದವು. ಪೀಠದ ಮೇಲೆ ಕುಳಿತು ಹತ್ತು ನಿಮಿಷ ಮಾತ್ರ ಆಡುತ್ತಿದ್ದ ಒಬ್ಬ ಹುಡುಗ ಇನ್ನು 25 ನಿಮಿಷ ಆಡಬಲ್ಲ. 15 ನಿಮಿಷ ಆಡುತ್ತಿದ್ದ ಇನ್ನೊಬ್ಬ 28 ಆಡಬಲ್ಲ. ಇದರಿಂದ 28 ನಿಮಿಷ ತುಂಬಿತು. ಉಳಿದ 62 ನಿಮಿಷಗಳಿಗೆ ಹೊರಗಿನಿಂದ ಇಬ್ಬರನ್ನೋ ಮೂವರನ್ನೋ ತರಬೇಕು. ಇದು ಲೆಕ್ಕದ ಮೊದಲನೆಯ ಪುಟ.

ಎರಡನೆಯ ಪುಟ ಇದಕ್ಕಿಂತ ಕಷ್ಟದ್ದು. ಹೋದವನು ಪಂದ್ಯಕ್ಕೆ 18 ಅಂಕ ಗಳಿಸುತ್ತಿದ್ದ. ಆದುದರಿಂದ 18 ಅಂಕ ಗಳಿಸುವ ಇನ್ನೊಬ್ಬನನ್ನು ತಂದರೆ ಸಾಕು ಎಂದು ನಿಮಗೆ ತೋರಬಹುದು. ನೋಡುವವರೆಲ್ಲ ಹಾಗೆಯೇ ಎಣಿಸುತ್ತಾರೆ. ಆದರೆ ಅಂಕ ಎಂಬುದು ಹೇಗೋ ಬಂದೇ ಬರುತ್ತದೆ. ಯಾರಾದರೊಬ್ಬರು ಚೆಂಡನ್ನು ಬುಟ್ಟಿಗೆ ಎಸೆಯಲೇಬೇಕಷ್ಟೆ. ಹತ್ತು ಸಲ ಎಸೆದು ಆರು ಸಲ ಹಾಕುತ್ತಿದ್ದವನ ಜಾಗದಲ್ಲಿ ಹತ್ತಕ್ಕೆ ನಾಲ್ಕು ಹಾಕುವವನು ಬಂದರೆ ನಷ್ಟ ಅಲ್ಲಿದೆ. ಅದಲ್ಲದೆ, ಎದುರಾಳಿಗಳಿಬ್ಬರು ಹೋದವನನ್ನೇ ಸುತ್ತಿಕೊಳ್ಳುತ್ತಿದ್ದುದರಿಂದ ಅವನ ಜತೆಗಾರನಿಗೆ ದಾರಿ ತೆರೆದಿರುತ್ತಿತ್ತು. ಅವನು ಹೋದ ಮೇಲೆ ಆ ಜತೆಗಾರನ ಆಟವೂ ಕುಂದುತ್ತದೆ. ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು, ಎದುರು ತಂಡದ ನಿಪುಣನನ್ನು ಕಾಯುವುದು, ಗಾಬರಿಯ ಹೊತ್ತಿನಲ್ಲಿ ಚೆಂಡನ್ನು ಸಮಾಧಾನದಿಂದ ಮುಂದೊಯ್ಯುವುದು, ಇವೂ ಕೆಲಸಗಳೇ. ಇವುಗಳಲ್ಲಿ ಹಲವು ಪತ್ರಿಕೆಯ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಆದುದರಿಂದ ಬಲ್ಲ ಶಿಕ್ಷಕನು ಹೋದವನಂಥವನನ್ನು ಹುಡುಕುವುದಿಲ್ಲ. ಹೋದವನು ಮಾಡುತ್ತಿದ್ದ ಕೆಲಸಗಳನ್ನು ಬರೆದಿಟ್ಟುಕೊಂಡು, ಅವುಗಳನ್ನು ಯಾರು ಯಾರಿಗೆ ಹಂಚಬಹುದೆಂದು ನೋಡುತ್ತಾನೆ.

ಈ ಕೆಲಸಗಳಿಗೆ ಜನವನ್ನು ತರಲು ಅವನಿಗೆ ಮೂರು ಬಾಗಿಲುಗಳಿವೆ. ಮೊದಲನೆಯದು ತನ್ನ ಮನೆಯದೇ: ಹಿಂದಿನ ವರ್ಷ ಪೀಠದ ಮೇಲೆ ಕುಳಿತು ಕಲಿತ ಹುಡುಗರು. ಎರಡನೆಯದು ಪ್ರೌಢಶಾಲೆಗಳು. ಶಿಕ್ಷಕನೂ ಅವನ ಸಹಾಯಕರೂ ದೇಶವೆಲ್ಲ ಸುತ್ತಿ ಹದಿನಾರು ಹದಿನೇಳು ವಯಸ್ಸಿನ ಹುಡುಗರ ಆಟವನ್ನು ನೋಡುತ್ತಾರೆ. ಮನೆಗಳಿಗೆ ಹೋಗಿ ತಾಯಿತಂದೆಯರೊಡನೆ ಮಾತನಾಡುತ್ತಾರೆ. ಹುಡುಗನನ್ನು ಕಾಲೇಜಿಗೆ ಕರೆಸಿ ತೋರಿಸುತ್ತಾರೆ. ಯಾವ ತಿಂಗಳಿನಲ್ಲಿ ಭೇಟಿ ಮಾಡಬಹುದು, ಯಾವಾಗ ಮಾಡಬಾರದು ಎಂಬುದಕ್ಕೂ ಕಟ್ಟುಪಾಡುಗಳುಂಟು. ಮೂರನೆಯ ಬಾಗಿಲು ಬೇರೆ ಕಾಲೇಜು: ಅಲ್ಲಿ ಆಗಲೇ ಆಡುತ್ತಿರುವ ಹುಡುಗನನ್ನು ಇತ್ತ ಬರಮಾಡಿಕೊಳ್ಳುವುದು.

ಮೊದಲನೆಯ ಬಾಗಿಲಿನ ಬೆಲೆಯನ್ನು ತೋರಿಸಲು ಲಾಸ್ ಏಂಜಲಿಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಕಥೆಗಿಂತ ಒಳ್ಳೆಯದು ಸಿಕ್ಕದು. ಅಲ್ಲಿ ಜಾನ್ ವುಡನ್ ಎಂಬ ಶಿಕ್ಷಕರು 1964ರಿಂದ 1975ರವರೆಗಿನ 12 ವರ್ಷಗಳಲ್ಲಿ 10 ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಆಗಿನ ನಿಯಮದಂತೆ ಮೊದಲನೆಯ ವರ್ಷದ ವಿದ್ಯಾರ್ಥಿಗಳು ಕಾಲೇಜಿನ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಅವರದೇ ಒಂದು ಬೇರೆ ತಂಡ. 1965ರಲ್ಲಿ ಲೂ ಆಲ್ಸಿಂಡರ್ ಎಂಬ, ಏಳಡಿಗೂ ಮೀರಿದ ಹುಡುಗ ಸೇರಿದ. ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಜಗತ್ತಿಗೆಲ್ಲ ಪರಿಚಿತರಾದವರು ಇವರೇ. ಆ ವರ್ಷ ಹೊಸ ಹುಡುಗರ ತಂಡವು, ಹಿಂದಿನ ಎರಡು ವರ್ಷ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದ ತನ್ನದೇ ಕಾಲೇಜಿನ ಮುಖ್ಯ ತಂಡವನ್ನು 75-60ರಿಂದ ಸೋಲಿಸಿತು! ಅವರು ಮುಖ್ಯ ತಂಡದಲ್ಲಿ ಆಡಿದ ಮೂರು ವರ್ಷಗಳಲ್ಲಿಯೂ, ಎಂದರೆ 1967, 1968, 1969ರಲ್ಲಿ, ಪ್ರಶಸ್ತಿ ಅವರದೇ.

ಆಲ್ಸಿಂಡರ್ ಹೊರಟುಹೋದ ಮೇಲೆ ಏನಾಯಿತು? ಅಂಥ ಇನ್ನೊಬ್ಬ ಆ ಹೊತ್ತಿಗೆ ಸಿಕ್ಕುವಂತಿರಲಿಲ್ಲ. ವುಡನ್ ಅವರು ಹುಡುಕಲೂ ಇಲ್ಲ. ಆಲ್ಸಿಂಡರ್ ಬಂದಾಗ ಅವರ ಎತ್ತರಕ್ಕೆ ತಕ್ಕಂತೆ ಬುಟ್ಟಿಯ ಬುಡದಲ್ಲಿ ಚೆಂಡು ಕೊಡುವ ಆಟವನ್ನು ಕಟ್ಟಿದ್ದರು. ಅವರು ಹೋದೊಡನೆ, ಐವರೂ ಹಂಚಿಕೊಂಡು ಆಡುವ ತಮ್ಮ ಹಳೆಯ ಕ್ರಮಕ್ಕೆ ಮರಳಿದರು. ಆಲ್ಸಿಂಡರ್ ಅವರ ನೆರಳಿನಲ್ಲಿ ಪೀಠದ ಮೇಲೆ ಕುಳಿತಿದ್ದ ಸ್ಟೀವ್ ಪ್ಯಾಟರ್ಸನ್ ನಡುವಿನ ಸ್ಥಾನಕ್ಕೆ ಬಂದರು. ಹಿಂದಿನ ವರ್ಷ ಹೆಚ್ಚಾಗಿ ಬದಲಿ ಆಟಗಾರನಾಗಿದ್ದ ಸಿಡ್ನಿ ವಿಕ್ಸ್ ಮುಂದಾಳಾದರು. 1970ರ ಅಂತಿಮ ಪಂದ್ಯದಲ್ಲಿ ಎದುರಿಗಿದ್ದವರು ಜಾಕ್ಸನ್‌ವಿಲ್ ತಂಡ, ಅದರಲ್ಲಿ ಏಳಡಿ ಎರಡಂಗುಲದ ಆರ್ಟಿಸ್ ಗಿಲ್‌ಮೋರ್. ಆರಡಿ ಎಂಟಂಗುಲದ ವಿಕ್ಸ್ ಅವರ ಎಸೆತಗಳನ್ನು ತಡೆದು ನಿಂತರು. ಪಂದ್ಯ 80-69ರಿಂದ ಗೆದ್ದಿತು. ಮರುವರ್ಷವೂ ಗೆದ್ದರು. ದೊಡ್ಡ ಮರ ಉರುಳಿದಾಗ, ಅಡಿಯಲ್ಲಿ ಸಸಿಗಳಿದ್ದುದರಿಂದ ತೋಪು ಬರಿದಾಗಲಿಲ್ಲ.

1972ರಿಂದ ಮೊದಲನೆಯ ವರ್ಷದವರಿಗೂ ಮುಖ್ಯ ತಂಡದಲ್ಲಿ ಆಡಲು ಅವಕಾಶವಾಯಿತು. 2005ರಲ್ಲಿ ಎನ್.ಬಿ.ಎ. ಎಂಬ ವೃತ್ತಿ ಆಟಗಾರರ ಸಂಘವು, ಪ್ರೌಢಶಾಲೆ ಮುಗಿಸಿ ಒಂದು ವರ್ಷ ಕಳೆಯದೆ, ಹತ್ತೊಂಬತ್ತು ತುಂಬದೆ ತನ್ನಲ್ಲಿಗೆ ಬರಬಾರದೆಂದು ನಿಯಮ ಮಾಡಿತು. ಇದರ ಫಲವಾಗಿ ಅತ್ಯಂತ ಪ್ರತಿಭಾವಂತ ಹುಡುಗರು ಒಂದೇ ವರ್ಷಕ್ಕೆಂದು ಕಾಲೇಜಿಗೆ ಬಂದು ಹೊರಟುಹೋಗತೊಡಗಿದರು. ಎರಡನೆಯ ಬಾಗಿಲನ್ನೇ ನಂಬಿದರೆ ಏನಾಗುವುದೆಂಬುದನ್ನು ಕೆಂಟುಕಿ ವಿಶ್ವವಿದ್ಯಾನಿಲಯದಲ್ಲಿ ಕಾಣಬಹುದು. 2012ರಲ್ಲಿ ಆ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅದೇ ವರ್ಷ ಅದರ ಆರು ಮಂದಿಯನ್ನು ಎನ್.ಬಿ.ಎ. ತಂಡಗಳು ಆರಿಸಿಕೊಂಡವು; ಮೊದಲನೆಯ ಆಯ್ಕೆ ಆಂಟನಿ ಡೇವಿಸ್, ಎರಡನೆಯ ಆಯ್ಕೆ ಮೈಕೆಲ್ ಕಿಡ್-ಗಿಲ್‌ಕ್ರಿಸ್ಟ್, ಇಬ್ಬರೂ ಕೆಂಟುಕಿಯವರೇ. ಅವರ ಜಾಗಕ್ಕೆ ಮತ್ತೆ ದೇಶದ ಹೆಸರಾಂತ ಹುಡುಗರನ್ನೇ ತಂದರು. ಆದರೆ ಹೊಸಬರಿಗೆ ಕಲಿಸಿಕೊಡಲು ಹಳಬರು ಇರಲಿಲ್ಲವೆನ್ನಬೇಕು. 2013ರ ಫೆಬ್ರುವರಿಯಲ್ಲಿ ಹೊಸಬರ ಪೈಕಿ ಪ್ರಮುಖರಾದ ನರ್ಲನ್ಸ್ ನೋಯೆಲ್ ಅವರ ಮೊಣಕಾಲು ಪೆಟ್ಟಾಯಿತು. ತಂಡ ರಾಷ್ಟ್ರೀಯ ಪಂದ್ಯಾವಳಿಗೆ ಆಯ್ಕೆಯೇ ಆಗಲಿಲ್ಲ. ಅದಕ್ಕಿಂತ ಕೆಳಗಿನ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ರಾಬರ್ಟ್ ಮಾರಿಸ್ ಎಂಬ ಸಣ್ಣ ವಿಶ್ವವಿದ್ಯಾನಿಲಯಕ್ಕೆ 59-57ರಿಂದ ಸೋತಿತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: 2014ರಲ್ಲಿ ಅದೇ ಕೆಂಟುಕಿ ಐವರು ಹೊಸಬರನ್ನೇ ಇಳಿಸಿ ಅಂತಿಮ ಪಂದ್ಯದವರೆಗೆ ಬಂದಿತು. ಹೊಸಬರು ಗೆಲ್ಲಲಾರರೆಂದಲ್ಲ, ಅವರನ್ನೇ ನಂಬಿದ ಬೇಸಾಯ ಮಳೆಯನ್ನು ನಂಬಿದ ಬೇಸಾಯದಂತೆ.

ಮೂರು ಬಾಗಿಲುಗಳನ್ನೂ ಹದವಾಗಿ ತೆರೆದವರು ಕನೆಟಿಕಟ್ ವಿಶ್ವವಿದ್ಯಾನಿಲಯದವರು. 2023ರಲ್ಲಿ ಪ್ರಶಸ್ತಿ ಗೆದ್ದ ಐವರಲ್ಲಿ ಮೂವರು ಹೊರಟುಹೋದರು. ಅವರಲ್ಲಿ ಒಬ್ಬರಾದ ಆಡಮ ಸನೋಗೊ ಅವರ ಜಾಗಕ್ಕೆ, ಅವರ ಬದಲಿಯಾಗಿ ಆಡುತ್ತಿದ್ದ ಏಳಡಿ ಎರಡಂಗುಲದ ಡಾನವನ್ ಕ್ಲಿಂಗನ್ ಬಂದರು. ಇದು ಮನೆಯ ಬಾಗಿಲು. ಪ್ರೌಢಶಾಲೆಯಿಂದ ಸ್ಟೆಫಾನ್ ಕ್ಯಾಸಲ್ ಬಂದರು. ರಟ್‌ಗರ್ಸ್ ವಿಶ್ವವಿದ್ಯಾನಿಲಯದಿಂದ ಗುರಿಕಾರ ಕ್ಯಾಮ್ ಸ್ಪೆನ್ಸರ್ ಬಂದರು. ಹಳಬರಾದ ಟ್ರಿಸ್ಟನ್ ನ್ಯೂಟನ್, ಆಲೆಕ್ಸ್ ಕರಬಾನ್ ಉಳಿದರು. 2024ರಲ್ಲಿ ಮತ್ತೆ ಪ್ರಶಸ್ತಿ ಅವರದೇ. 40 ಪಂದ್ಯಗಳಲ್ಲಿ ಸೋತದ್ದು ಮೂರು. ಆದರೆ ಮರುವರ್ಷ ಐವರಲ್ಲಿ ನಾಲ್ವರು ಹೊರಟರು. ಉಳಿದದ್ದು ಕರಬಾನ್ ಒಬ್ಬರೇ. 2025ರಲ್ಲಿ ಮೊದಲ ಪಂದ್ಯ ಗೆದ್ದು, ಎರಡನೆಯದರಲ್ಲಿ ಫ್ಲಾರಿಡಕ್ಕೆ 77-75ರಿಂದ ಸೋತರು. ಇಬ್ಬರು ಉಳಿಯುವುದಕ್ಕೂ ಒಬ್ಬನೇ ಉಳಿಯುವುದಕ್ಕೂ ಇರುವ ಅಂತರ ಕಡಮೆಯದಲ್ಲ.

ಇಲ್ಲಿ ಫ್ಲಾರಿಡದ ಮಾತನ್ನು ಮರೆಯಬಾರದು. ಆ ವರ್ಷ ಪ್ರಶಸ್ತಿ ಗೆದ್ದದ್ದು ಅದೇ ತಂಡ. ಅದರ ಮುಖ್ಯ ಮೂವರು ಗಾರ್ಡುಗಳೂ ಬೇರೆ ಬೇರೆ ಸಣ್ಣ ಕಾಲೇಜುಗಳಲ್ಲಿ ಆಡಿ ಬಂದವರು. ಮೂರನೆಯ ಬಾಗಿಲು ಈಗ ಅಷ್ಟು ಅಗಲವಾಗಿದೆ. ಹಿಂದೆ ಕಾಲೇಜು ಬದಲಿಸಿದ ಹುಡುಗ ಒಂದು ವರ್ಷ ಆಡದೆ ಕುಳಿತಿರಬೇಕಾಗಿತ್ತು. 2018ರಲ್ಲಿ ಬದಲಿಸಬಯಸುವವರ ಹೆಸರುಗಳಿಗೆ ಒಂದು ಪಟ್ಟಿ ಏರ್ಪಟ್ಟಿತು. 2021ರಲ್ಲಿ ಒಂದು ಸಲ ಕಾಯದೆ ಬದಲಿಸಲು ಅನುಮತಿ ಬಂದಿತು. 2024ರಲ್ಲಿ, ಓದಿನಲ್ಲಿ ಹಿಂದೆ ಬೀಳದವನು ಎಷ್ಟು ಸಲವಾದರೂ ಬದಲಿಸಬಹುದೆಂದಾಯಿತು. 2021ರ ಜುಲೈಯಿಂದ ಆಟಗಾರನು ತನ್ನ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಕೊಟ್ಟು ಹಣ ಪಡೆಯಬಹುದಾಯಿತು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದಾಯಿತು. ಮೊದಲ ವರ್ಷಕ್ಕೆ ಕಾಲೇಜೊಂದಕ್ಕೆ ಎಲ್ಲ ಆಟಗಳೂ ಸೇರಿ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರು.

ಇದರಲ್ಲಿ ನ್ಯಾಯವಿಲ್ಲವೆಂದು ಯಾರು ಹೇಳಿಯಾರು? ಶಿಕ್ಷಕನು ಹೆಚ್ಚು ಸಂಬಳಕ್ಕೆ ಬೇರೆ ಕಾಲೇಜಿಗೆ ಹೋಗಬಹುದಾದರೆ ಹುಡುಗನು ಏಕೆ ಹೋಗಬಾರದು? ಆದರೂ ಇದರ ಭಾರ ಯಾರ ಮೇಲೆ ಬೀಳುತ್ತದೆಂಬುದನ್ನು ನೋಡಬೇಕು. 2022ರಲ್ಲಿ ಜರ್ಸಿ ಸಿಟಿಯ ಸೇಂಟ್ ಪೀಟರ್ಸ್ ಎಂಬ ಸಣ್ಣ ವಿಶ್ವವಿದ್ಯಾನಿಲಯ ಕೆಂಟುಕಿಯಂಥವರನ್ನು ಸೋಲಿಸಿ ಕೊನೆಯ ಎಂಟು ತಂಡಗಳಲ್ಲಿ ಒಂದಾಯಿತು. ಅಷ್ಟು ಕೆಳಗಿನ ಶ್ರೇಯಾಂಕದ ತಂಡ ಅಲ್ಲಿಗೆ ತಲುಪಿದ್ದು ಅದೇ ಮೊದಲು. ಕೆಲವೇ ದಿನಗಳಲ್ಲಿ ಶಿಕ್ಷಕರು ಬೇರೆ ವಿಶ್ವವಿದ್ಯಾನಿಲಯಕ್ಕೆ ಹೋದರು. ಮುಖ್ಯ ಆಟಗಾರರಲ್ಲಿ ಹಲವರೂ ಹೊರಟರು. ಸಣ್ಣ ಕಾಲೇಜು ಬೆಳೆಸಿದ ಸಸಿ ದೊಡ್ಡವರ ತೋಟದಲ್ಲಿ ಫಲ ಕೊಡುವುದು ಈಗ ಸಾಮಾನ್ಯವಾಗಿದೆ.

ಹುಡುಗರ ಪಾಡನ್ನೂ ಯೋಚಿಸಿ. 360 ಕಾಲೇಜುಗಳಲ್ಲಿ ತಲಾ 13 ಮಂದಿಯಂತೆ ಹಿಡಿದರೂ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಆಟಗಾರರಾದರು. ಎನ್.ಬಿ.ಎ. ಆಯ್ಕೆಯಲ್ಲಿ ವರ್ಷಕ್ಕೆ ಇರುವ ಜಾಗಗಳು ಹೆಚ್ಚೆಂದರೆ 60; ಅದರಲ್ಲಿಯೂ ಪರದೇಶದವರಿಗೆ ಪಾಲುಂಟು. ಉಳಿದವರಿಗೆ ಬಾಳಿನ ಆಸರೆಯಾಗಬೇಕಾದದ್ದು ಪದವಿ. ಮೂರು ವರ್ಷದಲ್ಲಿ ಮೂರು ಕಾಲೇಜು ತಿರುಗಿದವನಿಗೆ, ಒಂದೆಡೆ ಓದಿದ ಪಾಠ ಇನ್ನೊಂದೆಡೆ ಲೆಕ್ಕಕ್ಕೆ ಬಾರದೆ ಹೋಗುವ ಅಪಾಯ ಇದ್ದೇ ಇದೆ. ಇನ್ನು ಪೀಠದ ಮೇಲೆ ಎರಡು ವರ್ಷ ತಾಳ್ಮೆಯಿಂದ ಕುಳಿತ ಹುಡುಗ, ತನ್ನ ಸರದಿ ಬಂದಿತೆನ್ನುವಾಗ ಹೊರಗಿನವನೊಬ್ಬನು ಆ ಜಾಗಕ್ಕೆ ಬಂದದ್ದನ್ನು ಕಂಡರೆ, ಅವನಿಗೆ ಏನೆನಿಸೀತು? ಅವನೂ ಗಂಟು ಕಟ್ಟುತ್ತಾನೆ. ಆಗ ಮರುವರ್ಷ ಶಿಕ್ಷಕನಿಗೆ ಇನ್ನೊಂದು ಜಾಗ ಬರಿದು.

ಮುಂದಿನ ಸಲ ಒಂದು ಕಾಲೇಜು ತಂಡ ಪ್ರಶಸ್ತಿ ಎತ್ತಿ ಹಿಡಿದ ಚಿತ್ರವನ್ನು ನೀವು ನೋಡಿದರೆ, ನಡುವೆ ನಿಂತ ಎತ್ತರದ ನಾಯಕನನ್ನು ಎಲ್ಲರೂ ನೋಡಿಯೇ ನೋಡುತ್ತಾರೆ. ನೀವು ಅಂಚಿನಲ್ಲಿ ಬೆವರಿಲ್ಲದ ಅಂಗಿ ತೊಟ್ಟು ನಿಂತ ಹುಡುಗರ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಅವರಲ್ಲಿ ಎಷ್ಟು ಮಂದಿ ಬರುವ ವರ್ಷವೂ ಅಲ್ಲಿಯೇ ಇರುತ್ತಾರೆಂಬುದನ್ನು ತಿಳಿದರೆ, ಆ ತಂಡದ ಮುಂದಿನ ವರ್ಷದ ಭವಿಷ್ಯವನ್ನು ಅರ್ಧ ತಿಳಿದಂತೆಯೇ.