ಐದು ಥೌ ಸಂದಿನಲ್ಲಿ ಅಂಬಾಸಿಡರ್ ಜೀವ

ನಗರಗೆರೆ, ಗೌರಿಬಿದನೂರು, ಚಿಂತಾಮಣಿ ಸೀಮೆಯಲ್ಲಿ ಒಂದು ಕಾಲಕ್ಕೆ ಕಾರೆಂದರೆ ಅಂಬಾಸಿಡರ್. ಮದುವೆ ಗಂಡನ್ನು ಕರೆತರುವುದಕ್ಕೂ ಅದೇ, ಅಧಿಕಾರಿಗಳ ಓಡಾಟಕ್ಕೂ ಅದೇ. ಉಳಿದಿರುವ ಕೆಲವನ್ನು ಈಗ ಮನೆಯ ಹಿರಿಯರಂತೆ ಜೋಪಾನ ಮಾಡುವವರಿದ್ದಾರೆ. ಅಂಥ ಕಾರಿನ ಆಯಿಲ್ ಪ್ರೆಷರ್ ಇಳಿದಿದೆ ಎಂದರೆ, ಪಳಗಿದ ಮೇಸ್ತ್ರಿಯ ಅನುಮಾನ ತಿರುಗುವ ಜಾಗಗಳಲ್ಲಿ ಒಂದು ಅಂಗೈಯಗಲದ ಲೋಹದ ಮುಚ್ಚಳ: ಆಯಿಲ್ ಪಂಪಿನ ಕವರ್.

ಎಂಜಿನ್ನಿನ ತಳದ ಚೇಂಬರಿನಲ್ಲಿ ನಿಂತ ಎಣ್ಣೆಯನ್ನು ಮೇಲಕ್ಕೆತ್ತಿ ಕ್ರ್ಯಾಂಕಿನ ಬೇರಿಂಗುಗಳಿಗೆ ಉಣಿಸುವುದು ಈ ಪಂಪು. ಹಳೆಯ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಮನೆತನದ್ದು. ಎಂಜಿ ಸ್ಪೋರ್ಟ್ಸ್ ಕಾರುಗಳಿಗೂ ಇದೇ ಮನೆತನದ ಎಂಜಿನ್ನಿತ್ತು. ಇದರ ಪಂಪಿನೊಳಗೆ ಒಂದರೊಳಗೊಂದು ಕೂತ ಎರಡು ರೋಟರುಗಳು. ಎರಡರ ನಡುಬಿಂದು ಬೇರೆ ಬೇರೆ. ಹಾಗಾಗಿ ತಿರುಗುವಾಗ ನಡುವಿನ ಜಾಗ ಒಂದು ಕಡೆ ಹಿಗ್ಗಿ ಎಣ್ಣೆಯನ್ನು ಎಳೆದುಕೊಳ್ಳುತ್ತದೆ, ಇನ್ನೊಂದು ಕಡೆ ಕುಗ್ಗಿ ಹೊರಗೆ ದೂಡುತ್ತದೆ. ಆ ಜಾಗಕ್ಕೆ ತಳ ಕಟ್ಟಿಕೊಡುವುದೇ ಕವರ್. ಅದು ಸವೆದು ಗೀರುಬಿದ್ದರೆ ದೂಡಿದ ಎಣ್ಣೆ ಸಂದಿನಲ್ಲೇ ನುಸುಳಿ ಹಿಂದಕ್ಕೆ ಬರುತ್ತದೆ. ತಳ ಸೋರುವ ಕೊಡದಲ್ಲಿ ನೀರು ಹೊತ್ತ ಹಾಗೆ.

ಹಾಗೆಂದು ಪ್ರೆಷರ್ ಇಳಿದೊಡನೆ ಚೇಂಬರ್ ಬಿಚ್ಚಬೇಕಿಲ್ಲ. ಎಣ್ಣೆ ತೆಳುವಾಗಿರಬಹುದು, ರಿಲೀಫ್ ವಾಲ್ವಿನ ಸ್ಪ್ರಿಂಗ್ ಸೋತಿರಬಹುದು, ಬೇರಿಂಗುಗಳೇ ಸವೆದಿರಬಹುದು. ಇವುಗಳಲ್ಲಿ ಹೊರಗಿನಿಂದ ನೋಡಬಹುದಾದದ್ದನ್ನು ನೋಡಿ ಮುಗಿಸಿದ ಮೇಲೆ ಪಂಪಿಗೆ ಕೈ ಹಾಕುವುದು ಜಾಣತನ.

ಪಂಪನ್ನು ಎಂಜಿನ್ನಿಗೆ ಹಿಡಿದಿಡುವುದು ಮೂರು ಸ್ಟಡ್ಡುಗಳು, ಕವರನ್ನು ಪಂಪಿಗೆ ಹಿಡಿದಿಡುವುದು ಎರಡು ಬೋಲ್ಟುಗಳು. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಉಗುರಿನಿಂದ ಕವರಿನ ಒಳಮುಖವನ್ನು ಗೀರಿ ನೋಡಬೇಕು. ಉಗುರು ಎಡವಿದರೆ ಗೀರು ಆಳವಾಗಿದೆ ಎಂದರ್ಥ. ಆಮೇಲೆ ಪಂಪಿನ ಬಾಯಿಗೆ ಅಡ್ಡಲಾಗಿ ನೇರವಾದ ಉಕ್ಕಿನ ಪಟ್ಟಿಯಿಟ್ಟು, ಅದಕ್ಕೂ ರೋಟರಿಗೂ ನಡುವೆ ಫೀಲರ್ ಗೇಜ್ ತೂರಿಸುವುದು. ಸಂದು ಐದು ಥೌ, ಅಂದರೆ ಇಂಚಿನ ಸಾವಿರದಲ್ಲಿ 5 ಭಾಗವನ್ನು ಮೀರಬಾರದು. ಮಿಲಿಮೀಟರಿನಲ್ಲಿ ಇದು 0.127; ಒಂದೆರಡು ಕೂದಲೆಳೆಯಷ್ಟು ದಪ್ಪ.

ಮೀರಿದ್ದರೆ ಉಜ್ಜಬೇಕು. ಏನನ್ನು ಉಜ್ಜಬೇಕೆಂಬಲ್ಲೇ ಹೊಸಬರು ತಪ್ಪುವುದು. ಕವರನ್ನು ಉಜ್ಜಿದರೆ ಗೀರು ಹೋಗುತ್ತದೆ, ಸಂದು ತಗ್ಗುವುದಿಲ್ಲ. ಸಂದು ತಗ್ಗಬೇಕಾದರೆ ಪಂಪಿನ ಬಾಯಿಯನ್ನೇ ಉಜ್ಜಬೇಕು. ಕವರಿಗೆ ಜಾಗ ತೋರಿಸುವ ಎರಡು ಸಣ್ಣ ಗೂಟಗಳನ್ನು ಮೊದಲು ಕಿತ್ತು, ದಪ್ಪ ಗಾಜಿನ ಮೇಲೆ ನಯವಾದ ಎಮರಿ ಹಾಳೆ ಹರಡಿ, ಎಣ್ಣೆ ಹನಿಸಿ, ಎಂಟರ ಆಕಾರದಲ್ಲಿ ತಾಳ್ಮೆಯಿಂದ ತೇಯುವ ಕೆಲಸ. ಹತ್ತು ಸುತ್ತಿಗೊಮ್ಮೆ ಅಳೆಯದಿದ್ದರೆ ಹೆಚ್ಚು ತೇಯ್ದು ರೋಟರೇ ಕಚ್ಚಿಕೊಂಡೀತು.

ಇಷ್ಟೆಲ್ಲ ಶ್ರಮ ಏಕೆ, ಹೊಸದನ್ನು ಹಾಕಬಾರದೇ ಎನ್ನಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಹಳೆಯ ಗಾಡಿಗಳ ಸಾಮಾನು ಸಿಗುವುದುಂಟು. ಆದರೆ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಮೂಲ ಭಾಗ ಗಟ್ಟಿಯಾಗಿದ್ದರೆ ಅದನ್ನೇ ಉಳಿಸಿಕೊಳ್ಳುವುದು ಮೇಲು.

ಜೋಡಿಸುವಾಗಲೂ ಅಷ್ಟೇ ನಿಗಾ ಬೇಕು. ಹೊರ ರೋಟರಿನ ಒಂದು ಅಂಚು ತುಸು ಇಳಿಜಾರಾಗಿರುತ್ತದೆ. ಅದು ಒಳಕ್ಕೆ, ಪಂಪನ್ನು ತಿರುಗಿಸುವ ಶಾಫ್ಟಿನ ಕಡೆಗೆ ಇರಬೇಕು. ಕವರಿಗೂ ಪಂಪಿಗೂ ನಡುವೆ ಪ್ಯಾಕಿಂಗ್ ಇಲ್ಲ, ಲೋಹಕ್ಕೆ ಲೋಹವೇ ಕೂರಬೇಕು. ಅಲ್ಲಿ ಕಾಗದ ಕತ್ತರಿಸಿ ಹಾಕಿದರೆ ಕಷ್ಟಪಟ್ಟು ತಗ್ಗಿಸಿದ ಸಂದು ಮತ್ತೆ ತೆರೆದುಕೊಳ್ಳುತ್ತದೆ. ಪೇಸ್ಟ್ ಮೆತ್ತಿದರೆ ಉಕ್ಕಿ ಬಂದ ಚೂರು ಎಣ್ಣೆಯ ದಾರಿಗೇ ಅಡ್ಡಬೀಳುತ್ತದೆ. ಹೊಸ ಪ್ಯಾಕಿಂಗ್ ಬೇಕಾದದ್ದು ಪಂಪಿಗೂ ಎಂಜಿನ್ನಿಗೂ ನಡುವೆ ಮಾತ್ರ. ಬೋಲ್ಟುಗಳನ್ನು ಸರದಿಯ ಮೇಲೆ ಬಿಗಿದು, ನಡುನಡುವೆ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಬೇಕು.

ಒಣಗಿದ ಪಂಪು ಎಣ್ಣೆ ಎಳೆಯದು. ಆದ್ದರಿಂದ ಜೋಡಿಸುವ ಮೊದಲೇ ರೋಟರುಗಳ ನಡುವೆ ಎಣ್ಣೆ ತುಂಬುತ್ತಾರೆ. ಎಣ್ಣೆ ಸೋರಿಹೋಗದಿರಲೆಂದು ಬರೀ ಪೆಟ್ರೋಲಿಯಂ ಜೆಲ್ಲಿ ತುಂಬುವವರೂ ಇದ್ದಾರೆ. ಬಿಸಿ ಎಣ್ಣೆಯಲ್ಲಿ ಅದು ಕರಗುತ್ತದೆ, ಗ್ರೀಸಿನ ಹಾಗೆ ಗಂಟುಕಟ್ಟುವುದಿಲ್ಲ. ಚೇಂಬರ್ ಏರಿಸಿ ಎಣ್ಣೆ ಸುರಿದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿಟ್ಟು, ಮುಂದಿನಿಂದ ಹ್ಯಾಂಡಲ್ ಹಾಕಿಯೋ ಸೆಲ್ಫ್‌ನಿಂದಲೋ ಎಂಜಿನ್ ತಿರುಗಿಸುತ್ತಾ ಪ್ರೆಷರ್ ಮೀಟರ್ ನೋಡುತ್ತಿರಬೇಕು. ಮುಳ್ಳು ಮೇಲೆದ್ದರೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಬಹುದು. ಅಲುಗದಿದ್ದರೆ ಸ್ಟಾರ್ಟ್ ಮಾಡುವ ಮಾತೇ ಇಲ್ಲ. ಎಷ್ಟೇ ಹೊತ್ತಾಗಿರಲಿ, ಚೇಂಬರ್ ಮತ್ತೆ ಇಳಿಸಬೇಕು.