ತೀರ್ಪುಗಾರನಿಲ್ಲದ ಆಟ

ಆಟವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಎರಡು ತಂಡಗಳು, ಒಂದು ಚೆಂಡು, ನಡುವೆ ಸೀಟಿ ಹಿಡಿದು ಓಡಾಡುವ ಒಬ್ಬ ತೀರ್ಪುಗಾರ. ಕ್ರಿಕೆಟ್ಟಿನಲ್ಲಿ ಆತನು ಬೆರಳೆತ್ತಿದರೆ ದಾಂಡಿಗನು ಹೊರನಡೆಯಬೇಕು. ಫುಟ್‌ಬಾಲಿನಲ್ಲಿ ಸೀಟಿ ಊದಿದರೆ ಓಟ ನಿಲ್ಲಬೇಕು. ಆದರೆ ಚೆಂಡೂ ಇಲ್ಲದ, ತೀರ್ಪುಗಾರನೂ ಇಲ್ಲದ ಆಟವೊಂದು ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಪ್ರಚಾರಕ್ಕೆ ಬಂದಿದೆ. ನಮ್ಮ ಚೆನ್ನೈ ನಗರದ ಕಡಲತೀರದಲ್ಲಿಯೂ ಅದು ಬೇರೂರಿದೆ. ಅದರ ಹೆಸರು ಅಲ್ಟಿಮೇಟ್. ಹಾರುವ ತಟ್ಟೆಯೊಂದರಿಂದ ಆಡುವುದರಿಂದ ಜನರು ಅದನ್ನು ಅಲ್ಟಿಮೇಟ್ ಫ್ರಿಸ್ಬಿ ಎಂದೂ ಕರೆಯುತ್ತಾರೆ. ಈ ಆಟದ ಸ್ವರೂಪವೇನು, ಇದರ ಲೀಗ್ ಪಂದ್ಯಗಳಿಗೆ ಹೊಸಬರು ಸೇರುವುದು ಹೇಗೆ, ಪೆರಂಬೂರಿನಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೆ ಇದರಿಂದ ವಿಶೇಷವಾಗಿ ಆಗುವ ಪ್ರಯೋಜನವೇನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ತಟ್ಟೆಯ ಹುಟ್ಟು

ಅಮೆರಿಕ ದೇಶದ ಬ್ರಿಡ್ಜ್‌ಪೋರ್ಟ್ ಎಂಬ ಊರಿನಲ್ಲಿ ಹಿಂದೆ ಫ್ರಿಸ್ಬಿ ಎಂಬ ಮನೆತನದವರ ಕಡುಬಿನ ಅಂಗಡಿಯೊಂದಿತ್ತು. ಆ ಕಡುಬುಗಳು ತಗಡಿನ ತಟ್ಟೆಗಳಲ್ಲಿ ಮಾರಾಟಕ್ಕೆ ಬರುತ್ತಿದ್ದವು. ಸಮೀಪದ ಕಾಲೇಜಿನ ಹುಡುಗರು ಕಡುಬನ್ನು ತಿಂದು ಮುಗಿಸಿ, ಖಾಲಿ ತಟ್ಟೆಯನ್ನು ಒಬ್ಬರಿಂದೊಬ್ಬರಿಗೆ ಎಸೆದು ಆಡುತ್ತಿದ್ದರೆಂದು ಹೇಳುತ್ತಾರೆ. ಅನಂತರ ವಾಲ್ಟರ್ ಫ್ರೆಡರಿಕ್ ಮಾರಿಸನ್ ಎಂಬಾತನು ಪ್ಲಾಸ್ಟಿಕ್ಕಿನ ಹಾರುವ ತಟ್ಟೆಯನ್ನು ತಿದ್ದಿ ತಿದ್ದಿ ಸುಧಾರಿಸಿದನು. ನಮ್ಮ ಪೆರಂಬೂರಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯು ಉದ್ಘಾಟನೆಗೊಂಡ 1955ರಲ್ಲಿಯೇ ಆತನ ಹೊಸ ಮಾದರಿಯ ತಟ್ಟೆಯೂ ಸಿದ್ಧವಾಯಿತು. ವ್ಯಾಮ್-ಓ ಎಂಬ ಸಂಸ್ಥೆ ಅದರ ಹಕ್ಕನ್ನು ಕೊಂಡು, 1957ರಲ್ಲಿ ಫ್ರಿಸ್ಬಿ ಎಂಬ ಹೆಸರಿಟ್ಟು ಮಾರತೊಡಗಿತು.

ತಟ್ಟೆಯನ್ನು ಮಾಡಿದವರು ದೊಡ್ಡವರು. ಆದರೆ ಅದರಿಂದ ಒಂದು ಕ್ರಮಬದ್ಧವಾದ ಆಟವನ್ನು ಕಟ್ಟಿದವರು ನಿಮ್ಮಂತಹ ವಿದ್ಯಾರ್ಥಿಗಳೇ. ನ್ಯೂಜೆರ್ಸಿ ಪ್ರಾಂತದ ಮೇಪಲ್‌ವುಡ್ ಎಂಬ ಊರಿನ ಕೊಲಂಬಿಯಾ ಪ್ರೌಢಶಾಲೆಯ ಹುಡುಗರು 1968ರಲ್ಲಿ ಇದನ್ನು ಆಡತೊಡಗಿದರು. ಅವರಿಗೆ ವಿಶಾಲವಾದ ಕ್ರೀಡಾಂಗಣ ದೊರೆಯಲಿಲ್ಲ. ಶಾಲೆಯ ವಾಹನಗಳನ್ನು ನಿಲ್ಲಿಸುವ ಜಾಗದಲ್ಲಿ ರಾತ್ರಿ ದೀಪದ ಬೆಳಕಿನಲ್ಲಿ ಆಡಿದರು. ನಿಯಮಗಳನ್ನೂ ತಾವೇ ಬರೆದುಕೊಂಡರು. 1970ರಲ್ಲಿ ನೆರೆಯೂರಿನ ಶಾಲೆಯೊಡನೆ ಮೊದಲ ಪಂದ್ಯವನ್ನಾಡಿದರು. ಇಂದು ಈ ಆಟಕ್ಕೆ 1985ರಲ್ಲಿ ಸ್ಥಾಪಿತವಾದ ವಿಶ್ವಮಟ್ಟದ ಒಕ್ಕೂಟವಿದೆ. ಆ ಒಕ್ಕೂಟಕ್ಕೆ 2015ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆಯೂ ದೊರೆತಿದೆ.

ತಟ್ಟೆ ಹಾರುವುದೇಕೆ?

ಊಟದ ತಟ್ಟೆಯನ್ನು ಎಸೆದರೆ ಅದು ತಲೆಕೆಳಗಾಗಿ ಬೀಳುತ್ತದೆ; ಈ ತಟ್ಟೆ ಮಾತ್ರ ಹಕ್ಕಿಯಂತೆ ತೇಲುತ್ತದೆ. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ಅದರ ಆಕಾರ. ತಟ್ಟೆಯ ಬೆನ್ನು ಸ್ವಲ್ಪ ಉಬ್ಬಿರುತ್ತದೆ. ಮುಂದಕ್ಕೆ ಸಾಗುವಾಗ ಅದು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಗಾಳಿಯು ಪ್ರತಿಯಾಗಿ ಅದನ್ನು ಮೇಲಕ್ಕೆತ್ತುತ್ತದೆ. ಎರಡನೆಯದು ಅದರ ತಿರುಗುವಿಕೆ. ನಿಂತ ಬುಗುರಿ ಒಡನೆ ಮಗ್ಗುಲಿಗೆ ಉರುಳುತ್ತದೆ. ಗಿರ್ರನೆ ತಿರುಗುವ ಬುಗುರಿ ಮೊಳೆಯ ತುದಿಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ತಟ್ಟೆಯ ಭಾರವೆಲ್ಲ ಬಹುಮಟ್ಟಿಗೆ ಅಂಚಿನಲ್ಲಿರುವುದರಿಂದ ಒಮ್ಮೆ ತಿರುಗಿಸಿ ಬಿಟ್ಟರೆ ಅದು ಬುಗುರಿಯಂತೆಯೇ ತನ್ನ ನಿಲುವನ್ನು ಬಿಟ್ಟುಕೊಡುವುದಿಲ್ಲ. ಆದುದರಿಂದ ಎಸೆಯುವಾಗ ತೋಳಿನ ಬಲಕ್ಕಿಂತ ಮಣಿಕಟ್ಟಿನ ಝಾಡಿಸುವಿಕೆಯೇ ಮುಖ್ಯ. ಬಲಶಾಲಿಯಾದ ಹುಡುಗನು ಎಸೆದ ತಟ್ಟೆ ತೂರಾಡುತ್ತ ಬಿದ್ದು, ಸಣ್ಣ ಹುಡುಗಿಯೊಬ್ಬಳು ಎಸೆದದ್ದು ನೇರವಾಗಿ ಗುರಿ ಸೇರಿದರೆ ಆಶ್ಚರ್ಯಪಡಬೇಕಾಗಿಲ್ಲ.

ಚೆನ್ನೈಯಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಬೀಸುವುದನ್ನು ನೀವೆಲ್ಲರೂ ಬಲ್ಲಿರಿ. ಗಾಳಿಗೆ ಎದುರಾಗಿ ಎಸೆದ ತಟ್ಟೆ ಮೇಲಕ್ಕೇರುತ್ತದೆ. ಗಾಳಿಯೊಡನೆ ಎಸೆದದ್ದು ಬೇಗ ಕುಸಿಯುತ್ತದೆ. ಇದನ್ನು ಅರಿತು ಎದುರುಗಾಳಿಯಲ್ಲಿ ತಗ್ಗಾಗಿಯೂ ಹೆಚ್ಚು ತಿರುಗಿಸಿಯೂ ಎಸೆಯಬೇಕು. ಹಿಡಿಯುವಾಗ ಹೊಸಬರು ಒಂದೇ ಕೈ ಚಾಚಬಾರದು. ಒಂದು ಅಂಗೈ ಮೇಲೆ, ಒಂದು ಕೆಳಗೆ ಇಟ್ಟು ಚಪ್ಪಾಳೆ ತಟ್ಟಿದಂತೆ ಹಿಡಿಯಬೇಕು.

ಆಡುವ ಬಗೆ

ಹುಲ್ಲಿನ ಮೇಲೆ ಆಡುವಾಗ ಅಂಗಳದ ಉದ್ದ 100 ಮೀಟರ್, ಅಗಲ 37 ಮೀಟರ್. ಎರಡು ತುದಿಗಳಲ್ಲಿಯೂ 18 ಮೀಟರ್ ಉದ್ದದ ಗುರಿವಲಯಗಳಿರುತ್ತವೆ. ತಂಡಕ್ಕೆ ಏಳು ಮಂದಿ. ಮರಳಿನ ಮೇಲೆ ಆಡುವಾಗ ತಂಡಕ್ಕೆ ಐವರು. ಅಂಗಳ 75 ಮೀಟರ್ ಉದ್ದ, 25 ಮೀಟರ್ ಅಗಲ. ತಟ್ಟೆಯ ತೂಕ 175 ಗ್ರಾಂ.

ತಟ್ಟೆ ಕೈಯಲ್ಲಿರುವವನು ಓಡುವಂತಿಲ್ಲ. ಒಂದು ಕಾಲನ್ನು ಊರಿ ನಿಂತು, ಓಡುತ್ತಿರುವ ತನ್ನವರಲ್ಲೊಬ್ಬರಿಗೆ ಎಸೆಯಬೇಕು. ಅವನೆದುರು ನಿಂತ ಎದುರಾಳಿಯು ಸೆಕೆಂಡಿಗೊಂದರಂತೆ ಹತ್ತರವರೆಗೆ ಗಟ್ಟಿಯಾಗಿ ಎಣಿಸುತ್ತಾನೆ; ಹತ್ತು ಎನ್ನುವಷ್ಟರಲ್ಲಿ ತಟ್ಟೆ ಕೈಬಿಟ್ಟಿರಬೇಕು. ನೆಲಕ್ಕೆ ಬಿದ್ದರೆ, ಗೆರೆಯಾಚೆ ಹೋದರೆ, ಎದುರಾಳಿಗಳು ತಡೆದರೆ ಅಥವಾ ಹಿಡಿದರೆ ತಟ್ಟೆ ಅವರ ಪಾಲಾಗುತ್ತದೆ. ಎದುರು ತುದಿಯ ಗುರಿವಲಯದೊಳಗೆ ನಮ್ಮವರೊಬ್ಬರು ಹಿಡಿದರೆ ನಮಗೆ ಒಂದು ಅಂಕ. ಮೈಗೆ ಮೈ ತಾಗಿಸುವುದು, ತಳ್ಳುವುದು, ಅಡ್ಡಗಾಲು ಹಾಕುವುದು ನಿಷಿದ್ಧ. ಮಿಶ್ರ ವಿಭಾಗದಲ್ಲಿ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಒಂದೇ ತಂಡದಲ್ಲಿ ಆಡುತ್ತಾರೆ. ಹೆಣ್ಣುಮಕ್ಕಳು ಲೆಕ್ಕಕ್ಕೆ ಮಾತ್ರ ನಿಂತವರಲ್ಲ.

ತಕರಾರು ತೀರುವ ಬಗೆ

ಈಗ ಮುಖ್ಯ ವಿಷಯಕ್ಕೆ ಬರೋಣ. ತೀರ್ಪುಗಾರನಿಲ್ಲದ ಮೇಲೆ ತಪ್ಪನ್ನು ಹೇಳುವವರಾರು? ಆಟಗಾರರೇ. ಯಾರಿಗೆ ಅಡ್ಡಿಯಾಯಿತೋ ಅವರು ಒಡನೆ ಗಟ್ಟಿಯಾಗಿ ಫೌಲ್ ಎಂದು ಕೂಗಬೇಕು. ಆಟ ನಿಲ್ಲುತ್ತದೆ. ಏನು ನಡೆಯಿತೆಂದು ಅವರು ಹೇಳುತ್ತಾರೆ. ಎದುರಿನವರು ತಾವು ಕಂಡದ್ದನ್ನು ಹೇಳುತ್ತಾರೆ. ಹಿಡಿಯುವಾಗ ತಳ್ಳಿದ್ದು ನಿಜವೆಂದು ಎದುರಿನವರು ಒಪ್ಪಿದರೆ ತಟ್ಟೆ ಹಿಡಿಯಹೊರಟವರಿಗೆ ಸೇರುತ್ತದೆ. ಒಪ್ಪದಿದ್ದರೆ ತಟ್ಟೆಯನ್ನು ಎಸೆದವರಿಗೇ ಮರಳಿಸಿ, ಆ ಎಸೆತವನ್ನು ಮತ್ತೆ ಆಡಬೇಕು. ಇಬ್ಬರ ಮಾತಿಗೂ ಸಮಾನ ಬೆಲೆ. ವಿಶ್ವ ಒಕ್ಕೂಟದ ನಿಯಮಗಳಲ್ಲಿಯೂ ತೀರ್ಮಾನ ಆಟಗಾರರದೇ. ಅಮೆರಿಕದ ವೃತ್ತಿಪರ ಲೀಗಿನಲ್ಲಿ ತೀರ್ಪುಗಾರರುಂಟು, ಅದು ಅಪವಾದ.

ನಮ್ಮ ಹಳ್ಳಿಗಳ ಲಗೋರಿ, ಕುಂಟೆಬಿಲ್ಲೆಗಳಿಗೂ ತೀರ್ಪುಗಾರರಿರಲಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ‘ಗೆರೆ ತುಳಿದೆ’, ‘ಇಲ್ಲ, ತುಳಿಯಲಿಲ್ಲ’ ಎಂಬ ಜಗಳದಲ್ಲಿ ಗೆಲ್ಲುತ್ತಿದ್ದವನು ಗಟ್ಟಿ ಗಂಟಲಿನವನು, ಇಲ್ಲವೇ ಬಿಲ್ಲೆಯ ಒಡೆಯ. ಅಲ್ಟಿಮೇಟಿನಲ್ಲಿ ಸತ್ಯವನ್ನು ಹೇಳುವುದು ಆಟಗಾರನ ಸೌಜನ್ಯವಷ್ಟೇ ಅಲ್ಲ, ಕರ್ತವ್ಯ. ಪಂದ್ಯ ಮುಗಿದ ಮೇಲೆ ಪ್ರತಿ ತಂಡವೂ ಎದುರು ತಂಡದ ನಡತೆಗೆ ಅಂಕ ಕೊಡುತ್ತದೆ. ನಿಯಮಗಳ ಅರಿವು, ಮೈ ತಾಗಿಸದಿರುವಿಕೆ, ನ್ಯಾಯಬುದ್ಧಿ, ಸಂಯಮ, ಮಾತುಕತೆಯ ರೀತಿ ಎಂಬ ಐದು ವಿಷಯಗಳಲ್ಲಿ ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ, ಒಟ್ಟು 20 ಅಂಕಗಳು. ಪಂದ್ಯದಲ್ಲಿ ಸೋತ ತಂಡವು ನಡತೆಯ ಬಹುಮಾನವನ್ನು ಗೆಲ್ಲುವುದುಂಟು.

ವಿದ್ಯಾರ್ಥಿಗಳೇ, ಇಲ್ಲಿ ನಿಮ್ಮೊಡನೆ ಒಂದು ಮಾತನ್ನು ಬಿಚ್ಚಿ ಹೇಳಬೇಕಾಗಿದೆ. ನಾವು ಮನೆಯಲ್ಲಿ ಕನ್ನಡವನ್ನಾಡಿ, ಬೀದಿಯಲ್ಲಿ ತಮಿಳನ್ನು ಕೇಳಿ ಬದುಕುವವರು. ಹೊಸದಾಗಿ ಊರಿನಿಂದ ಬಂದ ಮಕ್ಕಳು ತಮ್ಮ ತಮಿಳು ಕೇಳಿ ಇತರರು ನಕ್ಕಾರೆಂಬ ಅಂಜಿಕೆಯಿಂದ ಮೌನವನ್ನು ಅಭ್ಯಾಸ ಮಾಡಿಕೊಳ್ಳುತ್ತಾರೆ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಬಂದರೂ ಕೇಳುವುದಿಲ್ಲ. ಸಾಲಿನಲ್ಲಿ ಯಾರಾದರೂ ಮುಂದೆ ನುಗ್ಗಿದರೂ ಸುಮ್ಮನಿರುತ್ತಾರೆ. ಹಿರಿಯರು ಇದನ್ನು ಸಾಧುಸ್ವಭಾವವೆಂದು ಹೊಗಳುವುದುಂಟು. ಇಂತಹ ಬಾಲಕಿಯೊಬ್ಬಳು ಆಟಕ್ಕೆ ಸೇರಿದಳೆಂದಿಟ್ಟುಕೊಳ್ಳೋಣ. ಅವಳು ತಟ್ಟೆಯನ್ನು ಹಿಡಿಯಹೋದಾಗ ಒಬ್ಬನು ಭುಜ ತಾಗಿಸಿದನು, ತಟ್ಟೆ ಬಿತ್ತು, ಅವಳು ಬಾಯಿ ತೆರೆಯಲಿಲ್ಲ. ಆಟ ಮುಂದುವರಿಯಿತು. ಅವಳಿಗಾದ ಅನ್ಯಾಯವನ್ನು ಕಂಡು ಸೀಟಿ ಊದಲು ಅಲ್ಲಿ ಯಾರೂ ಇಲ್ಲ. ಅವಳ ಪರವಾಗಿ ಅವಳೇ ಮಾತನಾಡಬೇಕು.

ಅದಕ್ಕೆ ದೊಡ್ಡ ಪಾಂಡಿತ್ಯ ಬೇಡ. ಫೌಲ್ ಎಂಬ ಒಂದು ಶಬ್ದ, ಹತ್ತರವರೆಗಿನ ಎಣಿಕೆ, ನಿಯಮಗಳಲ್ಲಿ ಹೇಳಿರುವ ಕೆಲವು ಕೈಸನ್ನೆಗಳು, ಇಷ್ಟಿದ್ದರೆ ಸಾಕು. ಉಳಿದುದನ್ನು ಹರಕುಮುರುಕು ತಮಿಳಿನಲ್ಲಿಯೇ ಹೇಳಿದರೂ ಎದುರಿನವರು ಕೇಳಲೇಬೇಕು. ಕೇಳುವುದೂ ಆಟದ ನಿಯಮವೇ. ಹಾಗೆಯೇ ಎದುರಿನವರು ಹೇಳಿದುದನ್ನು ಇವಳು ತಾಳ್ಮೆಯಿಂದ ಕೇಳಬೇಕು. ತನ್ನದೇ ತಪ್ಪಿದ್ದರೆ ಒಪ್ಪಬೇಕು. ಬಾಯಿ ಬಿಡಲು ಅಂಜುವ ಮಗುವಿಗೂ ಬಾಯಿ ಮುಚ್ಚಲು ಬಾರದ ಮಗುವಿಗೂ ಈ ಆಟ ಒಂದೇ ಪಾಠವನ್ನು ಎರಡು ಕಡೆಯಿಂದ ಕಲಿಸುತ್ತದೆ.

ಲೀಗಿಗೆ ಸೇರುವುದು

ಚೆನ್ನೈಯಲ್ಲಿ ಈ ಆಟದ ಪ್ರಸಿದ್ಧ ನೆಲೆ ಬೆಸೆಂಟ್ ನಗರದ ಕಡಲತೀರ. ನಗರದ ಆಟಗಾರರನ್ನು ಕುರಿತು ಭರತ್ ಮಿರ್ಲೆ ಮತ್ತು ಅರವಿಂದ ಅಯ್ಯರ್ ಎಂಬವರು ತೆಗೆದ ‘175 ಗ್ರಾಮ್ಸ್’ ಎಂಬ ಕಿರುಚಿತ್ರವು 2015ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಬೇರೆ ಬೇರೆ ಅಂತಸ್ತಿನ ಮನೆಗಳಿಂದ ಬಂದ ತರುಣ ತರುಣಿಯರು ಒಂದೇ ತಂಡವಾಗಿ ಆಡುವ ವಿಚಾರವೇ ಅದರ ತಿರುಳು. ಪೆರಂಬೂರಿನಿಂದ ಬೆಸೆಂಟ್ ನಗರಕ್ಕೆ ಹೋಗುವ 29ಸಿ ಬಸ್ಸು ನಿಮ್ಮೆಲ್ಲರಿಗೂ ಚಿರಪರಿಚಿತವೇ.

ವಿನೋದಕ್ಕಾಗಿ ನಡೆಯುವ ಲೀಗಿಗೂ ಪಂದ್ಯಾವಳಿಗೂ ವ್ಯತ್ಯಾಸವುಂಟು. ಪಂದ್ಯಾವಳಿ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ. ಲೀಗು ವಾರಕ್ಕೊಮ್ಮೆಯಂತೆ ಕೆಲವು ವಾರಗಳವರೆಗೆ ನಡೆಯುತ್ತದೆ. ಒಂಟಿಯಾಗಿ ಬಂದವರಿಗೂ ಸ್ಥಳ ದೊರೆಯಲೆಂದು ಅನೇಕ ಕಡೆ ಹೆಸರುಗಳನ್ನು ಚೀಟಿ ಎತ್ತಿಯೋ, ನುರಿತವರನ್ನೂ ಹೊಸಬರನ್ನೂ ಸಮನಾಗಿ ಹಂಚಿಯೋ ತಂಡಗಳನ್ನು ಮಾಡುತ್ತಾರೆ. ಹೀಗಾಗಿ ಗೆಳೆಯರ ಗುಂಪಿಲ್ಲದವನೂ ಧೈರ್ಯವಾಗಿ ಹೆಸರು ಕೊಡಬಹುದು. ಸೇರುವ ಮುನ್ನ ಮನೆಯ ಹಿರಿಯರೊಬ್ಬರೊಡನೆ ಹೋಗಿ ಒಂದು ದಿನ ನೋಡಿ ಬನ್ನಿರಿ. ವಯಸ್ಸಿನ ಮಿತಿ, ಶುಲ್ಕ, ವೇಳೆಗಳನ್ನು ವಿಚಾರಿಸಿ, ತಾಯಿತಂದೆಯರ ಒಪ್ಪಿಗೆ ಪಡೆಯಿರಿ. ನೀರಿನ ಬಾಟಲಿಯೂ ಟೋಪಿಯೂ ಜೊತೆಗಿರಲಿ. ಕತ್ತರಿ ಬಿಸಿಲಿನ ದಿನಗಳಲ್ಲಿ ಮುಂಜಾನೆಯ ಆಟವೇ ಲೇಸು. ಮರಳಿನ ಮೇಲೆ ಬರಿಗಾಲಿನಲ್ಲಿ ಆಡಬಹುದಾದರೂ ಗಾಜಿನ ಚೂರುಗಳಿವೆಯೇ ಎಂದು ಮೊದಲು ನೋಡಿಕೊಳ್ಳಬೇಕು. ತಟ್ಟೆ ಕಡಲಿಗೆ ಬಿದ್ದರೆ ಅದನ್ನು ತರಲು ನೀರಿಗಿಳಿಯಬಾರದು. ಆ ತೀರದಲ್ಲಿ ನಿಂತಿರುವ ಬಿಳಿಯ ಸ್ಮಾರಕವು 1930ರಲ್ಲಿ ಮುಳುಗುತ್ತಿದ್ದವರನ್ನು ಕಾಪಾಡಲು ಹೋಗಿ ಪ್ರಾಣ ತೆತ್ತ ಷ್ಮಿಟ್ ಎಂಬಾತನದು. ಅಲ್ಲಿಯ ಅಲೆಗಳು ಎಂತಹವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಬಯಲಿನಲ್ಲಿಯೇ

ಪ್ರತಿವಾರವೂ ಬೆಸೆಂಟ್ ನಗರಕ್ಕೆ ಹೋಗಿಬರುವುದು ಎಲ್ಲರಿಗೂ ಸಾಧ್ಯವಾಗದು. ಮೇಪಲ್‌ವುಡ್ಡಿನ ಹುಡುಗರು ಅಂಗಳಕ್ಕಾಗಿ ಕಾಯಲಿಲ್ಲ, ನಾವೂ ಕಾಯಬೇಕಾಗಿಲ್ಲ. ಇಪ್ಪತ್ತೆಂಟು ಮಂದಿ ಮುಂದೆ ಬಂದರೆ ಏಳೇಳು ಮಂದಿಯ ನಾಲ್ಕು ತಂಡಗಳಾಗುತ್ತವೆ. ಐವರು ಆಡುವರು, ಇಬ್ಬರು ಸರದಿಗಾಗಿ ನಿಲ್ಲುವರು. ಎಲ್ಲ ತಂಡಗಳೂ ಪರಸ್ಪರ ಒಮ್ಮೊಮ್ಮೆ ಎದುರಾದರೆ ಒಟ್ಟು ಆರು ಪಂದ್ಯಗಳು. ಶನಿವಾರಕ್ಕೆ ಎರಡರಂತೆ ಮೂರು ವಾರಗಳಲ್ಲಿ ಲೀಗು ಮುಗಿಯುತ್ತದೆ. ಬೇಕಾದ ಸಾಮಗ್ರಿ ಒಂದು ತಟ್ಟೆ ಮಾತ್ರ; ಗೆರೆಗಳ ಮೂಲೆಗೆ ಚಪ್ಪಲಿಗಳನ್ನಿಟ್ಟರಾಯಿತು. ತಂಡಗಳನ್ನು ಚೀಟಿ ಎತ್ತಿಯೇ ಮಾಡತಕ್ಕದ್ದು. ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂಡುವವರೆಲ್ಲ ಒಂದೇ ತಂಡದಲ್ಲಿರುವುದು ಬೇಡ. ನೆರೆಮನೆಯ ತಮಿಳು, ತೆಲುಗು ಮಕ್ಕಳನ್ನೂ ಕರೆಯಿರಿ.

ಒಂದು ವಿಜ್ಞಾಪನೆ. ಅಧ್ಯಾಪಕರನ್ನು ಅಂಗಳದ ಬದಿಯಲ್ಲಿ ಕುಳ್ಳಿರಿಸಿಕೊಳ್ಳಿರಿ, ನೀರು ಕೊಡಲಿ, ಅಂಕ ಬರೆಯಲಿ. ಆದರೆ ತಕರಾರು ಬಂದಾಗ ಅವರ ಮುಖವನ್ನು ನೋಡಬೇಡಿರಿ. ಎದುರು ನಿಂತವರ ಮುಖವನ್ನು ನೋಡಿ, ನಡೆದುದನ್ನು ನಡೆದಂತೆ ಹೇಳಿರಿ. ನಾಳೆ ನೀವು ಕಾರ್ಖಾನೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ಮಾಡಬೇಕಾದುದೂ ಇದೇ. ಅಲ್ಲಿಯೂ ಸೀಟಿ ಹಿಡಿದವರು ಯಾವಾಗಲೂ ಬಳಿಯಲ್ಲಿರುವುದಿಲ್ಲ. ಮುಂದಿನ ವರ್ಷದ ಸಂಚಿಕೆಯಲ್ಲಿ ನಮ್ಮ ಲೀಗಿನ ವರದಿಯನ್ನು ನಿಮ್ಮಲ್ಲೊಬ್ಬರು ಬರೆಯುವಂತಾಗಲಿ.